ಬಗ್ಗಿತು, ಬಗ್ಗಿಸಿದರು

ಕಳೆದ ಬೇಸಿಗೆ ರಜೆಯಲ್ಲಿ ನಾನು ಕಳಿಸಿದ ಒಂದು ಸುದ್ದಿ ಜಿಲ್ಲಾ ಪುಟದಲ್ಲಿ ಮೂರು ಕಾಲಂ ಬಂತು. ಫೋಟೊದಲ್ಲಿ ಒಬ್ಬ ಹುಡುಗ ಕತ್ತು ಮುರಿದ ಕೋಳಿಯ ಹಾಗೆ ತಲೆ ಜೋತುಬಿದ್ದ ಚಮಚ ಹಿಡಿದು ನಗುತ್ತಿದ್ದಾನೆ. ಶೀರ್ಷಿಕೆ 'ಮನಸ್ಸಿನ ಬಲಕ್ಕೆ ಬಾಗಿದ ಚಮಚ'. ಶೀರ್ಷಿಕೆ ನನ್ನದಲ್ಲ, ಡೆಸ್ಕಿನದು. ಆದರೆ ಮೊದಲ ವಾಕ್ಯ ನನ್ನದೇ: 'ಮಕ್ಕಳು ಏಕಾಗ್ರತೆಯಿಂದ ಕುಳಿತಿದ್ದಂತೆಯೇ ಅವರ ಕೈಯಲ್ಲಿದ್ದ ಸ್ಟೀಲ್ ಚಮಚಗಳು ಒಂದೊಂದಾಗಿ ಬಾಗಿದವು.'

ಈ ವಾಕ್ಯವನ್ನು ಆಮೇಲೆ ಎಷ್ಟು ಸಲ ಓದಿದ್ದೇನೋ ಲೆಕ್ಕ ಇಟ್ಟಿಲ್ಲ. ಮಕ್ಕಳು ಏಕಾಗ್ರತೆಯಿಂದ ಕುಳಿತಿದ್ದದ್ದು ನಿಜ. ಚಮಚ ಸ್ಟೀಲಿನದು ಅನ್ನುವುದು ನಿಜ. ಒಂದೊಂದಾಗಿ ಬಾಗಿದ್ದೂ ನಿಜ. ಎಲ್ಲ ಸೇರಿದ ಮೇಲೆ ಮಾತ್ರ ಅದು ಸುಳ್ಳು.

ಚನ್ನರಾಯಪಟ್ಟಣದ ಒಂದು ಸಭಾಂಗಣದಲ್ಲಿ ಎರಡು ದಿನದ ಶಿಬಿರ ಅದು. ನೆನಪಿನ ಶಕ್ತಿ, ಏಕಾಗ್ರತೆ, ಪರೀಕ್ಷೆ ಭಯ ನಿವಾರಣೆ ಎಂದು ಬ್ಯಾನರ್ ಕಟ್ಟಿದ್ದರು. ಕೊನೆಯ ಗಂಟೆಯಲ್ಲಿ ಚಮಚದ ಕಾರ್ಯಕ್ರಮ. ತರಬೇತುದಾರರು ಎಲ್ಲ ಮಕ್ಕಳಿಗೂ ಒಂದೊಂದು ಚಮಚ ಹಂಚಿ, ಕತ್ತಿನ ಹತ್ತಿರ ಎರಡು ಬೆರಳಲ್ಲಿ ಹಿಡಿದು ಕಣ್ಣು ಮುಚ್ಚಲು ಹೇಳಿದರು. 'ಚಮಚ ಬೆಣ್ಣೆ ಆಗ್ತಾ ಇದೆ ಅಂದ್ಕೊಳ್ಳಿ, ಬಿಸಿ ಬರ್ತಾ ಇದೆ ಅಂದ್ಕೊಳ್ಳಿ, ಮೆತ್ತಗಾಯ್ತು ಅಂತ ಒಳಗಿಂದ ಅನ್ನಿಸಿದ ತಕ್ಷಣ ಬಗ್ಗಿಸಿ' ಅಂದರು. ಹಾಡು ಹಾಕಿದ್ದರು. ಮಕ್ಕಳು ಕಿರುಚುತ್ತಿದ್ದರು. ನಾನು ಫೋಟೊ ತೆಗೆದೆ. ಪ್ರೆಸ್ ನೋಟ್ ವಾಟ್ಸಾಪಿಗೆ ಬಂದಿತ್ತು, ಅದರಲ್ಲಿದ್ದ ಗಣ್ಯರ ಹೆಸರು ಕೆಳಗೆ ಸೇರಿಸಿ ನಾಲ್ಕು ಪ್ಯಾರಾ ಮಾಡಿ, ಅರಸೀಕೆರೆ ರಸ್ತೆಯ ಟೀ ಅಂಗಡಿಯಲ್ಲಿ ಕೂತು ಕಳಿಸಿದೆ. ಆವತ್ತು ಇನ್ನೂ ಎರಡು ಸುದ್ದಿ ಬಾಕಿ ಇತ್ತು. ನಮ್ಮ ಲೆಕ್ಕ ನಿಮಗೆ ಗೊತ್ತಲ್ಲ, ಸುದ್ದಿಗಿಷ್ಟು ಫೋಟೊಗಿಷ್ಟು. ಅದನ್ನು ಇಲ್ಲಿ ನೆಪವಾಗಿ ಹೇಳುತ್ತಿಲ್ಲ.

ಎರಡು ವಾರ ಕಳೆದು ಹೊಳೆನರಸೀಪುರದಲ್ಲಿ ಒಂದು ಮನೆ ಕಟ್ಟುವ ಜಾಗಕ್ಕೆ ಹೋಗಿದ್ದೆ. ಚರಂಡಿ ಒತ್ತುವರಿ ಜಗಳದ ಸುದ್ದಿ. ಜಗಳ ಮಾಡುವವರು ಇಬ್ಬರೂ ಬಂದಿರಲಿಲ್ಲ. ಕಂಬಿ ಕೆಲಸದವರೊಬ್ಬರು ಮಾತ್ರ ಇದ್ದರು. ನನ್ನ ಬೈಕಿನ ಮೇಲಿನ 'ಪ್ರೆಸ್' ನೋಡಿ ಹತ್ತಿರ ಬಂದು ಫೋನ್ ತೆಗೆದು ತೋರಿಸಿದರು. ಅದೇ ಸುದ್ದಿ, ಯಾರೋ ಫೋಟೊ ಹೊಡೆದು ಗುಂಪಿಗೆ ಹಾಕಿದ್ದು.

'ಇದು ನೀವೇ ಬರ್ದಿದ್ದಾ ಸಾ?'

ಹೌದು ಅಂದೆ. ಸ್ವಲ್ಪ ಹೆಮ್ಮೆಯಲ್ಲೇ ಅಂದಿರಬೇಕು.

'ಇದ್ನ ನೋಡೇ ನಮ್ ಮಗೀನ ಮುಂದಿನ ಬ್ಯಾಚ್‌ಗೆ ಸೇರಿಸ್ದೆ. ಮೂರು ಸಾವ್ರ ತಗಂಡ್ರು. ಅಲ್ಲಿ ಬಗ್ತಂತೆ ಸಾ, ಚಮಚ ತಂದು ತೋರಿಸ್ದ್ಲು. ಮನೇಲಿ ಮಾಡವ್ವ ಅಂದ್ರೆ ಬಗ್ತಿಲ್ಲ. ಇನ್ನೊಂದ್ ಲೆವೆಲ್ ಇದೆ, ಅದಕ್ಕೆ ಸೇರಿಸಿ ಅಂತಾವ್ರೆ. ಸೇರಿಸ್ಬೋದಾ? ನೀವ್ ಕಣ್ಣಲ್ಲಿ ನೋಡಿದ್ದೀರಲ್ಲ, ಅದಕ್ ಕೇಳ್ದೆ.'

ಮೂರು ಸಾವಿರ ಅಂದರೆ ಅವರ ನಾಲ್ಕು ದಿನದ ದುಡಿಮೆ. ಅವರು ದೂರು ಹೇಳುತ್ತಿರಲಿಲ್ಲ. ಕಣ್ಣಲ್ಲಿ ನೋಡಿದವನನ್ನು ಸಲಹೆ ಕೇಳುತ್ತಿದ್ದರು. ನಾನು 'ವಿಚಾರಿಸಿ ಹೇಳ್ತೀನಿ ಅಣ್ಣ' ಅಂದು ಅಲ್ಲೇ ಇಟ್ಟಿಗೆ ರಾಶಿಯ ಮೇಲೆ ಕೂತೆ. ಅವರು ಕೆಲಸಕ್ಕೆ ಹಿಂತಿರುಗಿದರು. ಮಗಳು ಮನಸ್ಸಿನಿಂದ ಕಬ್ಬಿಣ ಬಗ್ಗಿಸಲಿ ಎಂದು ದುಡ್ಡು ಕಟ್ಟಿದ ಮನುಷ್ಯ ದಿನವಿಡೀ ಕೈಯಲ್ಲಿ ಕಬ್ಬಿಣ ಬಗ್ಗಿಸುತ್ತಾನೆ ಅನ್ನುವುದು ನನಗೆ ಹೊಳೆದದ್ದು ಆಗ.

ಅಲ್ಲಿವರೆಗೆ ಎಷ್ಟೋ ಕಟ್ಟಡದ ಸುದ್ದಿ ಬರೆದಿದ್ದರೂ ಕಂಬಿ ಬಗ್ಗಿಸುವುದನ್ನು ನಾನು ನಿಂತು ನೋಡಿರಲಿಲ್ಲ. ದಪ್ಪ ಹಲಗೆಯೊಂದಕ್ಕೆ ಗಟ್ಟಿ ಕಬ್ಬಿಣದ ಗೂಟಗಳನ್ನು ಹೊಡೆದಿರುತ್ತಾರೆ. ಎಂಟು ಎಂಎಂ ಕಂಬಿಯನ್ನು ಗೂಟಗಳ ನಡುವೆ ಸಿಕ್ಕಿಸಿ, ಬಾಯಿ ಸೀಳಿದ ಉದ್ದ ಸರಳಿನಿಂದ, ಅದಕ್ಕೆ ಅವರು 'ಕೀ' ಅನ್ನುತ್ತಾರೆ, ಒಂದೇ ಸಲಕ್ಕೆ ಎಳೆಯುತ್ತಾರೆ. ನಾಲ್ಕು ಸಲ ಎಳೆದರೆ ಒಂದು ರಿಂಗ್. ಕೊನೆಯಲ್ಲಿ ಎರಡೂ ತುದಿಯನ್ನು ಒಳಕ್ಕೆ ಕೊಕ್ಕೆ ಮಾಡುತ್ತಾರೆ. ಕೊಕ್ಕೆ ಮೂಲೆಮಟ್ಟಕ್ಕೆ ನಿಲ್ಲಬಾರದು, ಇನ್ನೂ ಒಳಕ್ಕೆ ಹೋಗಿ 135 ಡಿಗ್ರಿ ಆಗಬೇಕು. ಇಲ್ಲದಿದ್ದರೆ ಭೂಮಿ ಅಲುಗಾಡಿದಾಗ ಮೇಲಿನ ಕಾಂಕ್ರೀಟ್ ಉದುರಿ, ರಿಂಗ್ ಬಾಯಿ ಬಿಟ್ಟುಕೊಂಡು, ಒಳಗಿನ ಉದ್ದ ಕಂಬಿಗಳು ಹೊರಗೆ ಸಿಡಿಯುತ್ತವೆ. ಭೂಕಂಪ ತಾಳುವ ಕಟ್ಟಡಗಳ ಭಾರತೀಯ ಮಾನಕ ಐಎಸ್ 13920 ಹೇಳುವುದೂ ಇದನ್ನೇ. ಇವರು ಆ ಪುಸ್ತಕ ನೋಡಿಲ್ಲ. 'ಎಂಜಿನಿಯರ್ ಬೈತಾರೆ ಸಾ, ಒಳಕ್ ಮಡಗು ಅಂತ' ಅಂದರು.

ಇನ್ನೊಂದು ಗಮನಿಸಿದೆ. ಬೇಕಾದ ಮಟ್ಟಕ್ಕಿಂತ ಅವರು ಒಂದು ಕೂದಲಷ್ಟು ಜಾಸ್ತಿಯೇ ಎಳೆಯುತ್ತಿದ್ದರು. ಯಾಕೆ ಅಂತ ಕೇಳಿದೆ.

'ವಾಪಸ್ ಬರುತ್ತಲ್ಲ ಸಾ. ಕಂಬಿಗೆ ಗ್ಯಾನ ಇರುತ್ತೆ. ಬುಟ್ಟೇಟ್ಗೆ ಒಂಚೂರು ಹಿಂದಕ್ ಬತ್ತದೆ.'

ಅದೇ ವಾರ ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುವ ಪರಿಚಯದವರ ಹತ್ತಿರ ಹೋದೆ. ಕಂಬಿಯ ಜ್ಞಾನದ ವಿಷಯ ಹೇಳಿದರೆ ಅವರು ನಗಲಿಲ್ಲ, ಸರಿಯಾಗೇ ಹೇಳಿದ್ದಾರೆ ಅಂದರು. ಲೋಹದ ಮೇಲೆ ಸಣ್ಣ ಬಲ ಹಾಕಿದರೆ ಅದರ ಅಣುಗಳು ತಮ್ಮ ಜಾಗ ಬಿಡದೆ ಬರೀ ಹಿಗ್ಗುತ್ತವೆ, ಬಿಟ್ಟರೆ ಮೊದಲಿನಂತಾಗುತ್ತವೆ. ಒಂದು ಮಿತಿ ದಾಟಿದ ಮೇಲೆ ಪದರದ ಮೇಲೆ ಪದರ ಜಾರಿ ಹೊಸ ಜಾಗದಲ್ಲಿ ಕೂರುತ್ತದೆ. ಆಗ ಬಗ್ಗಿದ್ದು ಬಗ್ಗಿದಂತೆಯೇ. ಹಿಗ್ಗಿದ ಪಾಲು ಮಾತ್ರ ವಾಪಸ್ ಬರುತ್ತದೆ, ಹಲಗೆಯ ಮೇಲೆ ಕಂಬಿ ಹಿಂದಕ್ಕೆ ಬರುವುದು ಅದಕ್ಕೇ. ಈಗ ಮನೆಗಳಿಗೆ ಹಾಕುವ 'ಎಫ್‌ಇ 500' ಕಂಬಿಯಲ್ಲಿ 500 ಅನ್ನುವುದು ಆ ಮಿತಿಯೇ: ಪ್ರತಿ ಚದರ ಮಿಲಿಮೀಟರಿಗೆ 500 ನ್ಯೂಟನ್, ಹೆಚ್ಚುಕಡಿಮೆ 50 ಕೆ.ಜಿ. ತೂಕ.

ಜಾರುವುದು ಹೇಗೆ ಅನ್ನುವುದೂ ಸ್ವಾರಸ್ಯದ ಕಥೆ. ಇಡೀ ಪದರ ಒಟ್ಟಿಗೆ ಜಾರಬೇಕಾದರೆ ಲೆಕ್ಕದ ಪ್ರಕಾರ ಕಬ್ಬಿಣವನ್ನು ಯಾರಿಗೂ ಬಗ್ಗಿಸಲು ಆಗುವುದಿಲ್ಲ. ಆದರೆ ಬಗ್ಗುತ್ತದೆ. ಈ ಒಗಟನ್ನು 1934ರಲ್ಲಿ ಜಿ.ಐ. ಟೇಲರ್, ಒರೊವಾನ್, ಪೋಲಾನ್ಯಿ ಎಂಬ ಮೂವರು ಬೇರೆ ಬೇರೆಯಾಗಿ ಬಿಡಿಸಿದರು. ಮದುವೆ ಮನೆಯಲ್ಲಿ ಹಾಸಿದ ದೊಡ್ಡ ಜಮಖಾನವನ್ನು ಅರ್ಧ ಅಡಿ ಸರಿಸಬೇಕು ಅಂದರೆ ಇಡೀ ಜಮಖಾನ ಎಳೆಯಲು ಹತ್ತು ಜನ ಬೇಕು. ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ ಆ ಸುಕ್ಕನ್ನು ಕಾಲಲ್ಲಿ ತಳ್ಳುತ್ತ ಹೋದರೆ ಒಬ್ಬನೇ ಸರಿಸಬಹುದು. ಲೋಹದೊಳಗೆ ಅಂಥ ಸುಕ್ಕುಗಳು ಲೆಕ್ಕವಿಲ್ಲದಷ್ಟಿವೆ, ಅವು ಓಡಾಡುವುದರಿಂದ ಲೋಹ ಬಗ್ಗುತ್ತದೆ. ಬಗ್ಗಿಸುತ್ತ ಹೋದಷ್ಟೂ ಸುಕ್ಕುಗಳು ಹೆಚ್ಚಾಗಿ ಒಂದಕ್ಕೊಂದು ಸಿಕ್ಕಿಕೊಂಡು ಅಲ್ಲೇ ಗಟ್ಟಿಯಾಗುತ್ತದೆ, ಇನ್ನೂ ಬಗ್ಗಿಸಿದರೆ ಬಿರಿಯುತ್ತದೆ.

ಆಮೇಲೆ ಅವರು ಒಂದು ಕಾಗದದಲ್ಲಿ ಲೆಕ್ಕ ಹಾಕಿ ತೋರಿಸಿದರು. ಎಂಟು ಎಂಎಂ ಕಂಬಿಯನ್ನು ಅರ್ಧ ಮೀಟರ್ ಉದ್ದದ ಕೀ ಹಾಕಿ ಬಗ್ಗಿಸಲು ಕೈಗೆ ಸುಮಾರು ಒಂಬತ್ತು ಕೆ.ಜಿ. ಬಲ ಸಾಕು. ಹದಿನಾರು ಎಂಎಂ ಆದರೆ ದಪ್ಪ ಎರಡು ಪಟ್ಟು, ಬಲ ಮಾತ್ರ ಎಂಟು ಪಟ್ಟು, ಕೀ ಉದ್ದ ಮಾಡದೆ ಒಬ್ಬ ಮನುಷ್ಯನ ಕೈಲಿ ಆಗದು. ನಾನು ಶಿಬಿರದಿಂದ ಜೇಬಿಗೆ ಹಾಕಿಕೊಂಡು ಬಂದಿದ್ದ ಚಮಚ ಕೊಟ್ಟೆ. ಕತ್ತಿನ ಅಗಲ ಎಂಟು ಎಂಎಂ, ದಪ್ಪ ಎರಡಕ್ಕೂ ಕಮ್ಮಿ. ಎರಡು ಕಡೆ ಹಿಡಿದು ಬಗ್ಗಿಸಲು ಒಂದೊಂದು ಕೈಗೆ ಮೂರ್ನಾಲ್ಕು ಕೆ.ಜಿ. ಬಲ ಬೇಕು. ಶಾಲೆಯ ಬ್ಯಾಗ್ ಅದಕ್ಕಿಂತ ಭಾರ ಇರುತ್ತದೆ. ಮಕ್ಕಳು ಸಾಮಾನ್ಯವಾಗಿ ಚಮಚ ಬಗ್ಗಿಸುವುದಿಲ್ಲ, ಬಗ್ಗಿಸಿದರೆ ಅಮ್ಮ ಹೊಡೆಯುತ್ತಾಳೆ, ಅದಕ್ಕೇ ಅದು ಎಷ್ಟು ಸುಲಭ ಎಂದು ಅವರಿಗೆ ಗೊತ್ತಿರುವುದಿಲ್ಲ. ದೊಡ್ಡವರಿಗೂ ಗೊತ್ತಿರುವುದಿಲ್ಲ. ನನಗೆ ಗೊತ್ತಿರಲಿಲ್ಲ.

ಲ್ಯಾಬಿನವರು ಒಂದು ಪರೀಕ್ಷೆಯ ವಿಷಯವನ್ನೂ ಹೇಳಿದರು. ಕಂಬಿಯ ಮಾನಕ ಐಎಸ್ 1786ರಲ್ಲಿ ಬಗ್ಗಿಸಿ ಮತ್ತೆ ಹಿಂದಕ್ಕೆ ಬಿಡಿಸುವ ಪರೀಕ್ಷೆ ಇದೆ. ಕಂಬಿಯನ್ನು ಒಳಗೋನ 135 ಡಿಗ್ರಿ ಉಳಿಯುವಷ್ಟು ಬಗ್ಗಿಸಿ, ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಆರಿಸಿ, ಹಿಂದಕ್ಕೆ ಸ್ವಲ್ಪ ಬಿಡಿಸುತ್ತಾರೆ. ಹೊರಮೈಯಲ್ಲಿ ಬಿರುಕು ಕಂಡರೆ ಆ ಮಾಲು ಫೇಲು. ಎಂಜಿನಿಯರುಗಳಿಗೆ ಬೇಕಾದ್ದು ಬಗ್ಗುವ ಲೋಹ. ಬಗ್ಗುವುದು ಮುನ್ಸೂಚನೆ, ಕೆಳಗಿದ್ದವರು ಓಡಿಹೋಗಲು ಸಮಯ ಕೊಡುತ್ತದೆ. ಬಗ್ಗದೆ ತುಂಡಾಗುವುದು ಅಪಾಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು ಕೊಚ್ಚಿಹೋಯಿತಲ್ಲ, ಅದು ಚೈನಿನ ಕೊಂಡಿ ತುಂಡಾಗಿ. ಆ ವಾರವೆಲ್ಲ ಗೊರೂರಿನ ಹೇಮಾವತಿ ಅಣೆಕಟ್ಟೆಯ ಗೇಟುಗಳ ಫೋಟೊ ಬೇಕು ಎಂದು ನಮಗೂ ಫೋನ್ ಮೇಲೆ ಫೋನ್ ಬಂದಿತ್ತು.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಶಿಬಿರದಲ್ಲಿ ತರಬೇತುದಾರರು ತಾವೇ ಮಾಡಿ ತೋರಿಸಿದ ಒಂದು ಚಮಚ ಇತ್ತು. ಅದನ್ನು ಅವರು ಎರಡು ಬೆರಳಲ್ಲಿ ಮೆಲ್ಲಗೆ ಉಜ್ಜುತ್ತಿದ್ದರು ಅಷ್ಟೇ, ತಲೆ ತಾನಾಗಿ ವಾಲಿ ಕಳಚಿ ಬಿದ್ದಿತ್ತು. ಅದನ್ನು ನಾನು ನಿಜವಾಗಿಯೂ ಕಣ್ಣಲ್ಲಿ ನೋಡಿದ್ದೆ.

ಅದಕ್ಕೆ ಉತ್ತರ ಸಿಕ್ಕಿದ್ದು ಅರಕಲಗೂಡು ಕಡೆ ಒಂದು ಕುಲುಮೆಯಲ್ಲಿ. ಆ ಆಚಾರ್ರು ನನಗೆ ಹಳೇ ಪರಿಚಯ. ಮಳೆ ಬೀಳುವ ಮುಂಚೆ ಕುಳ, ಕುಡುಗೋಲು, ಮಚ್ಚು ತಟ್ಟಿಸಲು ಜನ ಕ್ಯೂ ನಿಲ್ಲುವ ಕುಲುಮೆ ಅದು, ಈಗ ಎರಡು ದಿನಕ್ಕೊಬ್ಬರು ಬಂದರೆ ಹೆಚ್ಚು. ಟ್ರ್ಯಾಕ್ಟರ್ ಬಂದ ಮೇಲೆ ಕುಳದ ಕೆಲಸ ಹೋಯಿತು, ಟೈರ್ ಗಾಡಿ ಬಂದ ಮೇಲೆ ಗಾಲಿಗೆ ಪಟ್ಟಿ ಕಟ್ಟುವ ಕೆಲಸವೂ ಹೋಯಿತು. ತಿದಿಯ ಜಾಗದಲ್ಲಿ ಕರೆಂಟಿನ ಬ್ಲೋವರ್ ಇದೆ. ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೆಯುವವರಿಂದಾಗಿ ಒಂದಿಷ್ಟು ಕೆಲಸ ಉಳಿದಿದೆ, ಬ್ಯಾರನ್ನಿನೊಳಗೆ ಬಿಸಿಗಾಳಿ ಹರಿಸುವ ತಗಡಿನ ಕೊಳವೆ ತೂತು ಬಿದ್ದರೆ ಇವರ ಹತ್ತಿರ ತರುತ್ತಾರೆ. ತಗಡಿನ ಅಂಚನ್ನು ಒಂದು ಸಲ ಹೊರಕ್ಕೆ, ಇನ್ನೊಂದರದ್ದನ್ನು ಒಳಕ್ಕೆ ಮಡಿಸಿ, ಒಂದರಲ್ಲೊಂದು ಸಿಕ್ಕಿಸಿ ಬಡಿದು ಕೂರಿಸುತ್ತಾರೆ. ಬೆಸುಗೆ ಇಲ್ಲ, ಮೊಳೆ ಇಲ್ಲ.

ಗಾಲಿಗೆ ಪಟ್ಟಿ ಏರಿಸುವುದನ್ನು ಅವರು ಬಾಯಲ್ಲಿ ಹೇಳಿದ್ದನ್ನು ಕೇಳಿಯೇ ನನಗೆ ಅದು ಗೊತ್ತು. ಪಟ್ಟಿಯನ್ನು ಬಡಿದು ಬಡಿದು ಬಳೆಯ ಹಾಗೆ ಬಗ್ಗಿಸಿ ಕೂಡಿಸಬೇಕು, ಆದರೆ ಗಾಲಿಗಿಂತ ಬೆರಳಷ್ಟು ಚಿಕ್ಕದು ಮಾಡಬೇಕು. ಸುತ್ತ ಬೆರಣಿ ಜೋಡಿಸಿ ಬೆಂಕಿ ಹಾಕಿ ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ. ಆಗ ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಮರದ ಗಾಲಿಗೆ ಇಳಿಸಿ ನೀರು ಹೊಯ್ದರೆ ಗಾಲಿಯ ಕೀಲು ಕೀಲೂ ಬಿಗಿಯಾಗುತ್ತದೆ. ಲೆಕ್ಕ ಹಾಕಿ ನೋಡಿದೆ. ಐದಡಿ ಎತ್ತರದ ಗಾಲಿಯ ಸುತ್ತಳತೆ ಹದಿನೈದೂವರೆ ಅಡಿ ಮೀರುತ್ತದೆ, 600 ಡಿಗ್ರಿ ಬಿಸಿ ಏರಿದರೆ ಪಟ್ಟಿ ಸುಮಾರು ಮೂರೂವರೆ ಸೆಂಟಿಮೀಟರ್ ಹಿಗ್ಗುತ್ತದೆ. ಆಚಾರ್ರ ಬೆರಳು ಎರಡು ಸೇರಿಸಿದರೆ ಅಷ್ಟೇ ಅಗಲ.

ಚಮಚದ ಕಥೆ ಹೇಳಿದೆ. ಅವರು ಮಾತಾಡದೆ ಮೂಲೆಯಿಂದ ಒಂದು ತುಂಡು ಬೇಲಿ ತಂತಿ ತೆಗೆದು ಕೈಗೆ ಕೊಟ್ಟರು.

'ಬಗ್ಸು.' ಬಗ್ಗಿಸಿದೆ. 'ನೆಟ್ಗ್ ಮಾಡು.' ಮಾಡಿದೆ. 'ಇನ್ನೊಂದಪ.' ಹೀಗೆ ಆರೇಳು ಸಲ. 'ಈಗ ಮುಟ್ ನೋಡು.'

ಬಗ್ಗಿದ ಜಾಗ ಬಿಸಿಯಾಗಿತ್ತು. ಬಿಸಿ ಬರುತ್ತಿದೆ ಅಂದುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ. ಇನ್ನೆರಡು ಸಲಕ್ಕೆ ಅಲ್ಲಿ ಕೂದಲೆಳೆಯಂಥ ಗೆರೆ ಕಂಡಿತು. ಆಚಾರ್ರು ತಂತಿ ಇಸಿದುಕೊಂಡು ಬೆರಳ ತುದಿಯಲ್ಲಿ ಸುಮ್ಮನೆ ಸವರಿದರು. ತುಂಡು ವಾಲಿತು, ಬಿತ್ತು.

'ನಿಂಗೆ ತೋರಿಸಕ್ ಮುಂಚೆನೇ ಬಗ್ಸಿರ್ತಾನೆ ಕಣಪ್ಪ. ಹುಡುಗ್ರಾಗಿದ್ದಾಗ ಬೇಲಿ ತಂತಿ ಮುರ್ದಿಲ್ವಾ ನೀನು?'

ಮುರಿದಿದ್ದೆ. ಹಳ್ಳಿಯಲ್ಲಿ ಹುಟ್ಟಿದ ಯಾರು ಮುರಿದಿಲ್ಲ, ಇಕ್ಕಳ ಸಿಗದಿದ್ದಾಗ ತಂತಿ ತುಂಡು ಮಾಡುವ ಉಪಾಯವೇ ಅದು. ಡಿಪ್ಲೊಮಾ ಓದಿ, ಕ್ಯಾಮೆರಾ ಹಿಡಿದು, ಮೊದಲ ಸಾಲಿನಲ್ಲಿ ಕೂತಾಗ ನೆನಪಾಗಲಿಲ್ಲ.

ಈ ಚಮಚದ ಆಟಕ್ಕೆ ದೊಡ್ಡ ಚರಿತ್ರೆಯೇ ಇದೆ ಎಂದು ಆಮೇಲೆ ಓದಿ ತಿಳಿದೆ. 1970ರ ದಶಕದಲ್ಲಿ ಇಸ್ರೇಲಿನ ಯೂರಿ ಗೆಲ್ಲರ್ ಎಂಬಾತ ಚಮಚ, ಬೀಗದ ಕೈ ಬಗ್ಗಿಸಿ ಜಗತ್ತಿಗೇ ಹೆಸರಾದ. 1973ರಲ್ಲಿ ಅಮೆರಿಕದ ಜಾನಿ ಕಾರ್ಸನ್ ಟಿವಿ ಕಾರ್ಯಕ್ರಮದಲ್ಲಿ ಮಾತ್ರ ಅವನಿಗೆ ಏನೂ ಆಗಲಿಲ್ಲ. ಕಾರ್ಸನ್ ಸ್ವತಃ ಜಾದೂ ಬಲ್ಲವನು, ಜಾದೂಗಾರ ಜೇಮ್ಸ್ ರ‍್ಯಾಂಡಿಯ ಸಲಹೆ ಕೇಳಿ ಚಮಚಗಳನ್ನು ತನ್ನ ಕಡೆಯಿಂದಲೇ ಇಡಿಸಿದ್ದ, ಮುಂಚೆ ಮುಟ್ಟಲು ಬಿಟ್ಟಿರಲಿಲ್ಲ. ಆದರೂ ವಿಜ್ಞಾನಿಗಳು ನಂಬಿದರು. ಲಂಡನ್ನಿನ ಗಣಿತಜ್ಞ ಜಾನ್ ಟೇಲರ್ 1975ರಲ್ಲಿ ಈ ಶಕ್ತಿಯ ಬಗ್ಗೆ ಪುಸ್ತಕವನ್ನೇ ಬರೆದರು, ಕೆಲವೇ ವರ್ಷದಲ್ಲಿ ತಮ್ಮ ನಂಬಿಕೆ ಹಿಂದಕ್ಕೆ ತೆಗೆದುಕೊಂಡರು. 1979ರಲ್ಲಿ ರ‍್ಯಾಂಡಿ ಕೈಚಳಕ ಬಲ್ಲ ಇಬ್ಬರು ಹುಡುಗರನ್ನು ಅಮೆರಿಕದ ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಕಳಿಸಿದರು. ಅವರು ವರ್ಷಗಟ್ಟಲೆ ಅಲ್ಲಿನವರನ್ನು ನಂಬಿಸಿದರು, 1983ರಲ್ಲಿ ಗುಟ್ಟು ಹೊರಬಿತ್ತು.

ಇದರಲ್ಲೆಲ್ಲ ನನ್ನ ಮನಸ್ಸಿಗೆ ಚುಚ್ಚಿದ್ದು ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಪ್ರಯೋಗ, 1975ರದು. ಗೆಲ್ಲರನನ್ನು ಟಿವಿಯಲ್ಲಿ ನೋಡಿ ನಮಗೂ ಬರುತ್ತದೆ ಅಂದ ಆರು ಮಕ್ಕಳನ್ನು ಕರೆತಂದರು. ಪಕ್ಕದಲ್ಲಿ ಕೂತ ವೀಕ್ಷಕನಿಗೆ ಮೊದಲು ಗಮನವಿಟ್ಟು ನೋಡಿ, ಆಮೇಲೆ ಬೇಕೆಂದೇ ಗಮನ ಸಡಿಲಿಸಲು ಹೇಳಿದ್ದರು. ಆಚೆ ಕಡೆಯಿಂದ ಮಾತ್ರ ಕಾಣುವ ಕನ್ನಡಿಯ ಹಿಂದೆ ಕ್ಯಾಮೆರಾ ಇತ್ತು. ವೀಕ್ಷಕ ಬೇರೆ ಕಡೆ ತಿರುಗಿದಾಗ ಒಂದು ಮಗು ಸರಳನ್ನು ಕಾಲ ಕೆಳಗೆ ಇಟ್ಟು ಬಗ್ಗಿಸಿತು, ಕೆಲವರು ಎರಡೂ ಕೈ ಹಾಕಿದರು, ಒಂದು ಮಗು ಕೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡಿತು. ಆ ಮಕ್ಕಳನ್ನು ಮೋಸಗಾರರು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಎದುರಿಗೆ ದೊಡ್ಡವರು ಆಸೆಯಿಂದ ಕಾಯುತ್ತ ಕೂತಿದ್ದಾರೆ, ಚಮಚ ಬಗ್ಗುತ್ತಿಲ್ಲ.

ನಮ್ಮಲ್ಲಿ ಇಂಥದ್ದನ್ನು ಕೇಳಿದವರು ಇರಲಿಲ್ಲ ಎಂದಲ್ಲ. 1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರು, ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪತ್ರಗಳನ್ನೂ ಬರೆದಿದ್ದರು. ಪರೀಕ್ಷೆ ನಡೆಯಲೇ ಇಲ್ಲ. ನರಸಿಂಹಯ್ಯ ಭೌತಶಾಸ್ತ್ರದ ಮೇಷ್ಟ್ರು. ಅವರಿಗೆ ಬೇಕಿದ್ದದ್ದು ನಮ್ಮ ಆಚಾರ್ರು ಕೊಟ್ಟಂಥ ಒಂದು ತುಂಡು ತಂತಿ, ಅಷ್ಟೇ.

ಜಿಲ್ಲಾ ವರದಿಗಾರರಿಗೆ ಇದರಿಂದ ತಪ್ಪಿಸಿಕೊಳ್ಳಲು ಒಂದು ಹಳೇ ದಾರಿ ಇದೆ. ಪ್ರತಿ ವರ್ಷ ಹಾಸನಾಂಬೆಯ ಬಾಗಿಲು ತೆಗೆಯುವಾಗ ಆರದ ದೀಪ, ಬಾಡದ ಹೂವಿನ ಬಗ್ಗೆ ನಾವೆಲ್ಲ ಬರೆಯುತ್ತೇವೆ, ಕೊನೆಗೆ 'ಎಂಬುದು ಭಕ್ತರ ನಂಬಿಕೆ' ಅಂತ ಸೇರಿಸುತ್ತೇವೆ. ಅದೂ ಇಲ್ಲದಿದ್ದರೆ 'ಎನ್ನಲಾಗಿದೆ'. ಯಾರು ಅಂದರು ಎಂದು ಯಾರೂ ಕೇಳುವುದಿಲ್ಲ. ಚಮಚದ ಸುದ್ದಿಯಲ್ಲಿ ನಾನು ಅಷ್ಟನ್ನೂ ಹಾಕಿರಲಿಲ್ಲ. ಬದಲಿಗೆ ಅದಕ್ಕಿಂತ ಜಾಣ ಕೆಲಸ ಮಾಡಿದ್ದೆ, ಗೊತ್ತಿಲ್ಲದೆಯೇ. 'ಬಗ್ಗಿಸಿದರು' ಅನ್ನುವ ಕಡೆ 'ಬಾಗಿದವು' ಎಂದು ಬರೆದಿದ್ದೆ. ಬಗ್ಗಿಸಿದರು ಅಂದರೆ ಯಾರು ಅನ್ನಬೇಕು, ಯಾವುದರಿಂದ ಅನ್ನಬೇಕು. ಬಾಗಿದವು ಅಂದರೆ ಏನೂ ಹೇಳಬೇಕಾಗಿಲ್ಲ. ಆರನೇ ಕ್ಲಾಸಿನ ವ್ಯಾಕರಣದಲ್ಲಿ ಇಪ್ಪತ್ತು ಮಕ್ಕಳ ನಲವತ್ತು ಕೈಗಳು ಮಾಯವಾದವು.

ಶಿಬಿರದ ತರಬೇತುದಾರರಿಗೆ ಫೋನ್ ಮಾಡಿದೆ. ಜಗಳಕ್ಕೆ ತಯಾರಾಗಿಯೇ ಮಾಡಿದ್ದೆ. ಅವರು ತಣ್ಣಗೆ ಹೇಳಿದರು: 'ಕೈ ಹಾಕಬೇಡಿ ಅಂತ ನಾವು ಎಲ್ಲಿ ಹೇಳಿದ್ದೀವಿ ಸಾರ್? ಬಗ್ಗಿಸಿ ಅಂತಾನೇ ಹೇಳ್ತೀವಿ. ಅದು ಆತ್ಮವಿಶ್ವಾಸದ ಎಕ್ಸರ್‌ಸೈಜ್. ಮನಸ್ಸಿನ ಬಲ, ತಾನಾಗಿ ಬಾಗಿತು ಅಂತೆಲ್ಲ ಬರೆದಿದ್ದು ನಿಮ್ಮ ಪೇಪರ್.' ಪ್ರೆಸ್ ನೋಟ್ ತೆಗೆದು ನೋಡಿದೆ. ಅದರಲ್ಲಿ 'ಚಮಚ ಬಗ್ಗಿಸುವ ಚಟುವಟಿಕೆ' ಎಂದಷ್ಟೇ ಇತ್ತು. ತಾವೇ ತೋರಿಸಿದ ಆ ಚಮಚದ ಬಗ್ಗೆ ಕೇಳಿದಾಗ ಅವರು ಬೇರೆ ಕಾಲ್ ಬರ್ತಾ ಇದೆ ಅಂದರು. ಆದರೂ ಹೊಳೆನರಸೀಪುರದ ಅಣ್ಣ ದುಡ್ಡು ಕಟ್ಟಿದ್ದು ಅವರ ಬ್ಯಾನರ್ ನೋಡಿ ಅಲ್ಲ, ನನ್ನ ವಾಕ್ಯ ನೋಡಿ.

ಭಾನುವಾರ ಅವರ ಮನೆಗೆ ಹೋದೆ. ಶೀಟಿನ ಮನೆ, ಮುಂದೆ ಒಂದು ನುಗ್ಗೆ ಗಿಡ. ಮಗಳು ಏಳನೇ ಕ್ಲಾಸು. ನನಗೆ ಕಾಫಿ ಕೊಟ್ಟು, ಜಾಮಿಟ್ರಿ ಬಾಕ್ಸಿನಿಂದ ಬಗ್ಗಿದ ಚಮಚ ತೆಗೆದು ತೋರಿಸಿದಳು. ಹೇಗೆ ಮಾಡಿದೆಯಮ್ಮ ಅಂತ ಕೇಳಿದೆ.

'ಮೆತ್ತಗಾಯ್ತು ಅನ್ನಿಸಿದಾಗ ಬಗ್ಸಿ ಅಂದ್ರು ಮಾಮ. ನಂಗೆ ಏನೂ ಅನ್ನಿಸ್ಲಿಲ್ಲ. ಪಕ್ಕದೋರ್ದೆಲ್ಲ ಆಗೋಯ್ತು. ನಾನೂ ಒತ್ಬುಟ್ಟೆ.'

'ಮನೇಲಿ ಯಾಕೆ ಆಗ್ಲಿಲ್ಲ?'

'ನಮ್ಮನೆ ಚಮಚ ದಪ್ಪ.'

ಅಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. 'ಮತ್ತೆ ಹೇಳ್ಲಿಲ್ವಲ್ಲವ್ವ' ಅಂದರು. ಅವಳು ಚಮಚ ನೋಡುತ್ತಾ, 'ನೀನು ದುಡ್ ಕಟ್ಟಿದ್ದೆ ಅಂತ' ಅಂದಳು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ತಪ್ಪು ನನ್ನದು ಅಣ್ಣ, ಮಕ್ಕಳೆಲ್ಲ ಕೈಯಲ್ಲೇ ಬಗ್ಗಿಸಿದರು, ನಾನು ಅದನ್ನು ಬರೆಯಲಿಲ್ಲ ಅಂದೆ. ಅವರು ಚಮಚ ಇಸಿದುಕೊಂಡು ಬೆಳಕಿಗೆ ಹಿಡಿದು ಅಂಚು ನೋಡಿದರು. 'ಒಂದೂವರೆ ಎಂಎಂ ಇಲ್ಲ ಇದು' ಅಂದರು. ಎಂಟು, ಹತ್ತು, ಹನ್ನೆರಡು, ಹದಿನಾರು ಎಂಎಂ ಕಂಬಿಯನ್ನು ಮುಟ್ಟಿಯೇ ಹೇಳುವ ಕೈ. ಇಷ್ಟು ತೆಳು ಚಮಚ ಇಂಥವರ ಕೈಗೆ ಒಂದು ಸಲ ಬಂದಿದ್ದರೆ ಸಾಕಿತ್ತು. ಆದರೆ ಅದು ಶಿಬಿರದಿಂದ ಬಂದದ್ದು, ಪೇಪರಿನಲ್ಲಿ ಬಂದದ್ದು, ಅವರು ಅದನ್ನು ಕಂಬಿಯ ಲೆಕ್ಕದಲ್ಲಿ ನೋಡಿಯೇ ಇರಲಿಲ್ಲ. 'ನನ್ ಥರ ಕೈ ಕೆಲ್ಸ ಬ್ಯಾಡ ಅಂತ ಸಾ, ತಲೇಲಿ ಮಾಡ್ಲಿ ಅಂತ' ಎಂದಷ್ಟೇ ಹೇಳಿದರು. ಎರಡನೇ ಲೆವೆಲ್ಲಿನ ಮಾತು ಆಮೇಲೆ ಬರಲಿಲ್ಲ.

ನಾನು ಡೆಸ್ಕಿಗೆ ಎಂಟು ಸಾಲಿನ ಸ್ಪಷ್ಟನೆ ಬರೆದು ಕಳಿಸಿದೆ. ಯಾರಾದರೂ ದೂರು ಕೊಟ್ಟಿದ್ದಾರಾ ಎಂದು ಕೇಳಿದರು. ಇಲ್ಲ ಅಂದೆ. ಹಾಗಾದರೆ ಯಾಕೆ ಅಂದರು. ಎರಡನೇ ಸಲ ಕಳಿಸಿದೆ, ಜಾಗ ಇಲ್ಲ ಅಂದರು. ಮೂರನೇ ಸಲ ಕಳಿಸಲಿಲ್ಲ. ಆ ಪುಟದಲ್ಲಿ ಬಾರದ್ದು ಇಲ್ಲಿ ಬರಲಿ:

ಚನ್ನರಾಯಪಟ್ಟಣದಲ್ಲಿ ನಡೆದ ಬೇಸಿಗೆ ಶಿಬಿರದಲ್ಲಿ ಮಕ್ಕಳು ತೆಳುವಾದ ಸ್ಟೀಲ್ ಚಮಚಗಳನ್ನು ತಮ್ಮ ಕೈಗಳಿಂದ ಬಗ್ಗಿಸಿದರು. ಅವು ಮನಸ್ಸಿನ ಬಲದಿಂದ ಬಾಗಿದವು ಎಂಬ ಅರ್ಥ ಬರುವಂತೆ ವರದಿ ಮಾಡಿದ್ದು ವರದಿಗಾರನ ತಪ್ಪು.

ಆ ಚಮಚವನ್ನು ಅಪ್ಪ ಆವತ್ತೇ ಹೊಸಿಲ ಮೇಲೆ ಇಟ್ಟು ಹೆಬ್ಬೆರಳಲ್ಲಿ ಒತ್ತಿ ನೆಟ್ಟಗೆ ಮಾಡಿದರು. ಪೂರ್ತಿ ನೆಟ್ಟಗಾಗಲಿಲ್ಲ, ಕತ್ತಿನಲ್ಲಿ ಒಂದು ಉಬ್ಬು ಉಳಿಯಿತು. ಈಗ ಅದು ಅವರ ಮನೆಯ ಉಪ್ಪಿನ ಡಬ್ಬಿಯಲ್ಲಿದೆ.